ಕಡಲಾಚೆಯ ಚಕ್ಕುಲಿ

ಅಷ್ಟಮಿ, ಚೌತಿ ಬಂತೆಂದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಚಕ್ಕುಲಿ ಕರಿಯುವ ಪರಿಮಳ ಅಂಗಳದವರೆಗೂ ಬರುತ್ತದೆ. 1970ರ ದಶಕದಿಂದೀಚೆಗೆ ಇಲ್ಲಿಂದ ಅನೇಕರು ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋಗಿದ್ದಾರೆ. ಓದಿಗೆಂದು ಇಂಗ್ಲೆಂಡ್, ಅಮೆರಿಕಗಳಿಗೆ ಹೋದವರೂ ಇದ್ದಾರೆ. ಊರಿನಿಂದ ಒಯ್ದ ಡಬ್ಬಿ ಬೇಗನೆ ಬರಿದಾಗುತ್ತದೆ. ಮತ್ತೆ ಬೇಕೆಂದರೆ ತಾವೇ ಮಾಡಿಕೊಳ್ಳಬೇಕು. "ಅಮ್ಮ ಹೇಳಿದಂತೆಯೇ ಮಾಡಿದೆವು, ಆದರೂ ಕಲ್ಲಿನಂತಾಯಿತು" ಎಂದು ಹಳೆಯ ವಿದ್ಯಾರ್ಥಿಗಳು ಹೇಳುವುದುಂಟು. ಹೀಗಾಗಲು ಕಾರಣವೇನೆಂದು ನೋಡೋಣ.

ಮೊದಲನೆಯದು ಹಿಟ್ಟು. ಊರಿನಲ್ಲಿ ಬೆಳ್ತಿಗೆ ಅಕ್ಕಿಯನ್ನು ತೊಳೆದು, ನೆರಳಿನಲ್ಲಿ ಆರಿಸಿ, ಹುರಿದ ಉದ್ದಿನೊಂದಿಗೆ ಬೀಸುತ್ತೇವೆ. ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಎಂಬುದು ವಾಡಿಕೆ. ಪರದೇಶದಲ್ಲಿ ಸಿಗುವುದು ಪೊಟ್ಟಣದ ಒಣ ಹಿಟ್ಟು. ಅದು ನೀರನ್ನು ಹೆಚ್ಚು ಕುಡಿಯುತ್ತದೆ. ಆದುದರಿಂದ ಅಳತೆಯನ್ನು ನಂಬದೆ ಸ್ವಲ್ಪಸ್ವಲ್ಪವೇ ನೀರು ಹಾಕಿ ಕಲಸಬೇಕು. ಅಂಟು ಅಕ್ಕಿಯ ಹಿಟ್ಟು ಎಂಬುದೊಂದು ಅಲ್ಲಿ ಮಾರಾಟಕ್ಕಿರುತ್ತದೆ. ನೋಡಲು ಒಂದೇ ತೆರವಾದರೂ ಅದು ಚಕ್ಕುಲಿಗೆ ಹೊಂದದು.

ಎರಡನೆಯದು ಬೆಣ್ಣೆ. ಕಡಿಮೆಯಾದರೆ ಚಕ್ಕುಲಿ ಗಟ್ಟಿ. ಹೆಚ್ಚಾದರೆ ಎಣ್ಣೆಯಲ್ಲೇ ಪುಡಿಪುಡಿ.

ಮೂರನೆಯದು ಶಾಖ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಕರಿಯುವ ಎಣ್ಣೆ ಸುಮಾರು 160ರಿಂದ 180 ಡಿಗ್ರಿಯಷ್ಟು ಕಾದಿರಬೇಕು. ಹಿಟ್ಟು ಬಿದ್ದೊಡನೆ ಅದರೊಳಗಿನ ನೀರು ಆವಿಯಾಗಿ ಗುಳ್ಳೆಗಳೇಳುತ್ತವೆ. ನೀರು ಮುಗಿದಂತೆ ಗುಳ್ಳೆಯೂ ಸದ್ದೂ ಅಡಗುತ್ತವೆ. "ಸದ್ದು ನಿಂತ ಮೇಲೆ ತೆಗೆ" ಎಂದು ಅಜ್ಜಿಯಂದಿರು ಹೇಳುವುದು ಇದಕ್ಕಾಗಿಯೇ. ಕಾಯದ ಎಣ್ಣೆಗೆ ಬಿಟ್ಟರೆ ಚಕ್ಕುಲಿ ಎಣ್ಣೆ ಕುಡಿಯುತ್ತದೆ. ಅತಿಯಾಗಿ ಕಾದರೆ ಹೊರಗೆ ಕಪ್ಪು, ಒಳಗೆ ಮೆತ್ತಗೆ.

ವಿದ್ಯುತ್ ಒಲೆಯ ಸ್ವಭಾವವೇ ಬೇರೆ. ಗುಂಡಿ ತಿರುಗಿಸಿದ ಕೂಡಲೇ ಅದರ ಬಿಸಿ ಇಳಿಯದು. ಸ್ವಲ್ಪ ಮುಂಚಿತವಾಗಿಯೇ ತಗ್ಗಿಸಬೇಕು. ನಮ್ಮ ದುಂಡುತಳದ ಬಾಣಲೆ ಅದರ ಮೇಲೆ ಸ್ಥಿರವಾಗಿ ಕೂರುವುದಿಲ್ಲ. ಚಪ್ಪಟೆ ತಳದ ದಪ್ಪ ಪಾತ್ರೆಯೇ ಆಗಬೇಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಚಳಿದೇಶದಲ್ಲಿ ಅದನ್ನು ಕಂಡು ಕೆಟ್ಟಿತೆಂದು ಚೆಲ್ಲಬೇಕಾಗಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು ಎಚ್ಚರಿಕೆ. ಪಾತ್ರೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎಣ್ಣೆ ಬೇಡ. ಒಲೆ ಬಿಟ್ಟು ಫೋನಿನಲ್ಲಿ ಮಾತಿಗೆ ನಿಲ್ಲಕೂಡದು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ನೀರು ಎಣ್ಣೆಗಿಂತ ಭಾರ. ಅದು ತಳಕ್ಕಿಳಿದು, ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುತ್ತದೆ. ಕೈಗೆಟುಕುವಂತಿದ್ದರೆ ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆರೆಯದೆ ಬಿಡಬೇಕು. ಬೆಂಕಿ ಕೈಮೀರಿದ್ದರೆ ಎಲ್ಲವನ್ನೂ ಬಿಟ್ಟು ಹೊರಗೆ ಬಂದು ಅಗ್ನಿಶಾಮಕ ದಳವನ್ನು ಕರೆಯಬೇಕು. ಕೋಣೆಯಲ್ಲಿ ನಾಲ್ಕಾರು ಮಂದಿ ಒಟ್ಟಿಗಿರುವಲ್ಲಿ ಇದು ಎಲ್ಲರಿಗೂ ತಿಳಿದಿರಬೇಕು.

ಹಾಗಾದರೆ ಅಮ್ಮ ಹೇಳಿದುದು ತಪ್ಪೇ? ಅಲ್ಲ. "ಒಂದು ಹಿಡಿ", "ಒಂದಿಷ್ಟು", "ಹದವಾಗಿ" ಎಂಬವು ಕೈಗೆ ತಿಳಿದ ಅಳತೆಗಳು. ಬರಿಯ ಮಾತಿನಲ್ಲಿ ಅವು ಕಡಲು ದಾಟುವುದಿಲ್ಲ. ಜೊತೆಯಲ್ಲಿ ಕುಳಿತು ನೋಡಿದವರಿಗೆ ಮಾತ್ರ ಅವು ದಕ್ಕುತ್ತವೆ. ನೋಡಿದವರಿಲ್ಲದೆ ಹೋದರೆ ಹದವೂ ಹೋಗುತ್ತದೆ, ಅದರೊಡನೆ ತೆಂಗೊಳಲು, ಕೋಡುಬಳೆ, ಸುಟ್ಟವು ಎಂಬ ಹೆಸರುಗಳೂ ಮಕ್ಕಳ ನಾಲಗೆಯಿಂದ ಹೋಗುತ್ತವೆ.

ಆದುದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಅಜ್ಜಿಯ ಬಳಿ ಕುಳಿತುಕೊಳ್ಳಿರಿ. ಅವರ ಒಂದು ಹಿಡಿ ಎಷ್ಟೆಂದು ಲೋಟದಲ್ಲಿ ಅಳೆದು, ಅವರಾಡಿದ ಮಾತಿನಲ್ಲೇ ಕನ್ನಡದಲ್ಲಿ ಬರೆದಿಡಿರಿ. ಇದು ಹುಡುಗಿಯರ ಕೆಲಸವೆಂದು ಹುಡುಗರು ದೂರ ಸರಿಯಬೇಡಿರಿ. ಹೆತ್ತವರಲ್ಲಿಯೂ ನಮ್ಮದೊಂದು ವಿನಂತಿ: ಹಬ್ಬದ ದಿನ ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಕಳುಹಿಸಬೇಡಿರಿ, ಹಿಟ್ಟು ಕಲಸಲು ಕರೆಯಿರಿ.