ಹನ್ನೆರಡು ಮಂದಿ ಕೂತ ಕೋಣೆ

1994ರ ಜೂನ್ ತಿಂಗಳು. ಅಮೆರಿಕದ ಷಿಕಾಗೋದಲ್ಲಿ ಗರ್ಭಪಾತದ ಹಕ್ಕಿಗಾಗಿ ದುಡಿಯುವವರ ಸಮಾವೇಶ. ಎಲ್ಲರಿಗೂ ಆರೋಗ್ಯ ವಿಮೆ ಕೊಡುತ್ತೇವೆಂದು ಹೊರಟಿದ್ದ ಬಿಲ್ ಕ್ಲಿಂಟನ್ ಸರ್ಕಾರದ ಯೋಜನೆಯನ್ನು ಅಲ್ಲಿ ವಿವರಿಸಲಾಯಿತು. ರಿಪಬ್ಲಿಕನ್ನರು ಸಿಡಿದೇಳಬಾರದೆಂದು ಹೆರಿಗೆ, ಗರ್ಭಪಾತ, ಗರ್ಭನಿರೋಧಕಗಳ ವಿಷಯವನ್ನು ಅದರಲ್ಲಿ ಆದಷ್ಟು ತೇಲಿಸಿಬಿಡಲಾಗಿತ್ತು. ಸಭೆಯಲ್ಲಿದ್ದ ಹನ್ನೆರಡು ಕಪ್ಪು ಮಹಿಳೆಯರಿಗೆ ಇದು ಸರಿಬರಲಿಲ್ಲ. ಹೋಟೆಲಿನ ಒಂದು ಕೋಣೆಯಲ್ಲಿ ಬೇರೆಯಾಗಿ ಕೂತರು. ಜಾರ್ಜಿಯಾದಲ್ಲಿ ಶಾಸಕಿಯಾಗಿದ್ದ ಏಬಲ್ ಮೇಬಲ್ ಥಾಮಸ್, ಟೋನಿ ಬಾಂಡ್, ಲೊರೆಟ್ಟಾ ರಾಸ್ ಅವರಲ್ಲಿ ಕೆಲವರು.

ಅವರ ಸಿಟ್ಟು ಬರೀ ಕ್ಲಿಂಟನ್ ಮೇಲಿರಲಿಲ್ಲ. ತಮ್ಮದೇ ಚಳವಳಿಯ ಮೇಲೂ ಇತ್ತು. ‘ಹೆರುವುದೂ ಬಿಡುವುದೂ ನನ್ನ ಆಯ್ಕೆ’ ಎಂಬ ಮಾತಿನ ಮೇಲೆ ನಿಂತಿದ್ದ ಚಳವಳಿ ಅದು. ಗರ್ಭಪಾತ ಹೆಣ್ಣಿನ ಹಕ್ಕೆಂದು 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ನಿಜ. ಆದರೆ ಮೂರೇ ವರ್ಷಕ್ಕೆ, 1976ರಲ್ಲಿ, ಹೈಡ್ ತಿದ್ದುಪಡಿ ಬಂತು. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನಿಂದ ಗರ್ಭಪಾತಕ್ಕೆ ಕೇಂದ್ರದ ದುಡ್ಡು ಹೆಚ್ಚುಕಡಿಮೆ ನಿಂತೇ ಹೋಯಿತು. ಅಂಗಡಿ ತೆರೆದಿದೆ, ಬೇಕಾದ್ದು ಆರಿಸಿಕೋ ಎನ್ನುತ್ತಾರೆ. ಕೈಯಲ್ಲಿ ಕಾಸಿಲ್ಲದವಳು ಆರಿಸುವುದೇನನ್ನು?

ಇನ್ನೊಂದು ಗಾಯ ಇದಕ್ಕಿಂತ ಹಳೆಯದು. ಕಪ್ಪು ಹೆಣ್ಣುಮಕ್ಕಳಿಗೆ ಮಕ್ಕಳು ಬೇಡ ಎನ್ನುವ ಹಕ್ಕು ಎಷ್ಟು ಮುಖ್ಯವೋ, ಬೇಕು ಎನ್ನುವ ಹಕ್ಕೂ ಅಷ್ಟೇ ಮುಖ್ಯವಾಗಿತ್ತು. ಮತದಾನದ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹ್ಯಾಮರ್ 1961ರಲ್ಲಿ ಮಿಸಿಸಿಪ್ಪಿಯ ಆಸ್ಪತ್ರೆಗೆ ಗೆಡ್ಡೆ ತೆಗೆಸಿಕೊಳ್ಳಲು ಹೋದರು. ಅವರನ್ನು ಒಂದು ಮಾತೂ ಕೇಳದೆ ಗರ್ಭಕೋಶವನ್ನೇ ತೆಗೆದಿದ್ದರು. 1973ರಲ್ಲಿ ಅಲಬಾಮಾದಲ್ಲಿ ಹನ್ನೆರಡು ಮತ್ತು ಹದಿನಾಲ್ಕು ವರ್ಷದ ಅಕ್ಕತಂಗಿಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಓದುಬರಹ ಬಾರದ ತಾಯಿ ಕಾಗದದ ಮೇಲೆ ಗೀಟು ಹಾಕಿದ್ದು, ಮಕ್ಕಳಿಗೆ ಇಂಜೆಕ್ಷನ್ ಕೊಡುತ್ತಾರೆಂದುಕೊಂಡು. ಆ ಪ್ರಕರಣ ಕೋರ್ಟಿಗೆ ಹೋದಾಗ, ಕೇಂದ್ರದ ಹಣದಿಂದ ವರ್ಷಕ್ಕೆ ಒಂದರಿಂದ ಒಂದೂವರೆ ಲಕ್ಷ ಬಡವರಿಗೆ ಇಂಥ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತೆಂದು ನ್ಯಾಯಾಧೀಶರೇ ದಾಖಲಿಸಿದರು. ಕೋಣೆಯಲ್ಲಿ ಕೂತಿದ್ದ ಲೊರೆಟ್ಟಾ ರಾಸ್ ಕೂಡ ಡಾಲ್ಕನ್ ಶೀಲ್ಡ್ ಎಂಬ ಗರ್ಭನಿರೋಧಕ ವಂಕಿಯಿಂದ ಸೋಂಕು ತಗುಲಿ, 23ನೇ ವಯಸ್ಸಿಗೇ ಮಕ್ಕಳಾಗುವ ಸಾಧ್ಯತೆ ಕಳೆದುಕೊಂಡವರು.

ಹೀಗಾಗಿ ಆ ಹನ್ನೆರಡು ಮಂದಿ ‘ಆಯ್ಕೆ’ಯನ್ನು ಪಕ್ಕಕ್ಕಿಟ್ಟು ‘ನ್ಯಾಯ’ವನ್ನು ಮುಂದೆ ತಂದರು. ಸಂತಾನದ ಹಕ್ಕು, ಸಾಮಾಜಿಕ ನ್ಯಾಯ ಎರಡನ್ನೂ ಕೂಡಿಸಿ ‘ರಿಪ್ರೊಡಕ್ಟಿವ್ ಜಸ್ಟಿಸ್’ ಎಂದರು. ಮಗು ಬೇಡ ಎನ್ನುವ ಹಕ್ಕು, ಬೇಕು ಎನ್ನುವ ಹಕ್ಕು, ಹುಟ್ಟಿದ ಮಗುವನ್ನು ನೆಮ್ಮದಿಯ ಜಾಗದಲ್ಲಿ ಬೆಳೆಸುವ ಹಕ್ಕು, ಈ ಮೂರೂ ಅದರೊಳಗೆ ಬಂದವು. ನನ್ನ ಪ್ರಕಾರ ಮೂರನೆಯದರಲ್ಲೇ ಅವರ ನಿಜವಾದ ಜಾಣತನವಿದೆ. ಬಾಡಿಗೆ ಮನೆ, ಕುಡಿಯುವ ನೀರು, ಪೊಲೀಸರ ಗುಂಡು ಎಲ್ಲವೂ ಅಲ್ಲಿಗೆ ತಾಯ್ತನದ ಪ್ರಶ್ನೆಗಳಾದವು.

ಆಗಸ್ಟ್ 16ರಂದು ‘ವಾಷಿಂಗ್ಟನ್ ಪೋಸ್ಟ್’ ಮತ್ತು ಸಂಸತ್ತಿನ ಸುದ್ದಿಗೆ ಮೀಸಲಾದ ‘ರೋಲ್ ಕಾಲ್’ ಪತ್ರಿಕೆಗಳಲ್ಲಿ ಅವರ ಹೇಳಿಕೆ ಜಾಹೀರಾತಾಗಿ ಬಂತು, ಎಂಟುನೂರಕ್ಕೂ ಹೆಚ್ಚು ಸಹಿಗಳೊಂದಿಗೆ. ಕ್ಲಿಂಟನ್ ಯೋಜನೆ ಮರುತಿಂಗಳೇ ನೆಲಕಚ್ಚಿತು. ಹೋಟೆಲ್ ಕೋಣೆಯ ಮಾತು ಉಳಿಯಿತು. 1997ರಲ್ಲಿ ಕಪ್ಪು, ಮೂಲನಿವಾಸಿ, ಲ್ಯಾಟಿನಾ, ಏಷ್ಯನ್ ಮಹಿಳೆಯರ ಹದಿನಾರು ಸಂಘಟನೆಗಳು ಸೇರಿ ‘ಸಿಸ್ಟರ್‌ಸಾಂಗ್’ ಕಟ್ಟಿದವು. 2004ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಭಾರಿ ಮೆರವಣಿಗೆಗೆ ಮೊದಲಿಟ್ಟಿದ್ದ ಹೆಸರಲ್ಲಿ ‘ಆಯ್ಕೆಯ ಸ್ವಾತಂತ್ರ್ಯ’ವಿತ್ತು, ಇವರು ಹಟ ಹಿಡಿದ ಮೇಲೆ ಅದು ‘ಮಹಿಳೆಯರ ಬದುಕಿಗಾಗಿ ನಡಿಗೆ’ ಆಯಿತು. 2022ರಲ್ಲಿ ಸುಪ್ರೀಂ ಕೋರ್ಟ್ 1973ರ ತೀರ್ಪನ್ನೇ ಕಿತ್ತುಹಾಕಿತು.

ಅದೇ 1994ರ ಸೆಪ್ಟೆಂಬರ್‌ನಲ್ಲಿ ಕೈರೋದಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನ. ತಲೆ ಎಣಿಸುವುದನ್ನು ಬಿಟ್ಟು ಹೆಣ್ಣಿನ ಆರೋಗ್ಯ, ಹಕ್ಕುಗಳನ್ನು ನೋಡಿ ಎಂದು ನಾನಾ ದೇಶಗಳ ಮಹಿಳಾ ಸಂಘಟನೆಗಳು ಅಲ್ಲಿ ಒತ್ತಾಯಿಸಿದವು. 179 ದೇಶಗಳು ಒಪ್ಪಿದವು, ಭಾರತವೂ ಒಪ್ಪಿತು. ಅಲ್ಲಿಯವರೆಗೆ ನಮ್ಮಲ್ಲಿ ಕುಟುಂಬ ಯೋಜನೆ ಎಂದರೆ ಗೋಡೆಯ ಮೇಲಿನ ಕೆಂಪು ತ್ರಿಕೋನ, ‘ಆರತಿಗೊಬ್ಬಳು, ಕೀರ್ತಿಗೊಬ್ಬ’, ಮತ್ತು ಆರೋಗ್ಯ ಸಹಾಯಕಿಯ ತಲೆಮೇಲೆ ಇಷ್ಟು ‘ಕೇಸು’ ತರಬೇಕೆಂಬ ಲೆಕ್ಕ. 1996ರ ಏಪ್ರಿಲ್‌ನಿಂದ ಆ ಗುರಿಗಳನ್ನು ಕೇಂದ್ರ ಕೈಬಿಟ್ಟಿತು, ಕಾಗದದ ಮೇಲಾದರೂ.

ಕಾಗದದ ಮೇಲಾದರೂ ಎಂದದ್ದೇಕೆಂದರೆ, 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ, ಬೆಂಚುಗಳ ಮೇಲೆ ಮಲಗಿಸಿ, ಟಾರ್ಚ್ ಬೆಳಕಿನಲ್ಲಿ, ಎರಡು ತಾಸಿನಲ್ಲಿ 53 ಹೆಣ್ಣುಮಕ್ಕಳಿಗೆ ಸಂತಾನಹರಣ ಆಪರೇಷನ್ ಮಾಡಲಾಯಿತು. ಆರೋಗ್ಯ ಹಕ್ಕುಗಳ ಕಾರ್ಯಕರ್ತೆ ದೇವಿಕಾ ಬಿಸ್ವಾಸ್ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ಇನ್ನೂ ನಡೆಯುತ್ತಿದ್ದಾಗಲೇ, 2014ರ ನವೆಂಬರ್‌ನಲ್ಲಿ, ಛತ್ತೀಸಗಡದ ಬಿಲಾಸಪುರದ ಶಿಬಿರಗಳಲ್ಲಿ ಆಪರೇಷನ್ ಮಾಡಿಸಿಕೊಂಡ ಹತ್ತಕ್ಕೂ ಹೆಚ್ಚು ಮಹಿಳೆಯರು ಸತ್ತರು. ಮೂರು ವರ್ಷದೊಳಗೆ ಇಂಥ ಶಿಬಿರಗಳು ನಿಲ್ಲಬೇಕೆಂದು 2016ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಬಡವರ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆಯನ್ನೂ ನ್ಯಾಯಾಲಯ ಎತ್ತಿಕೊಂಡಿತು.

ನಮ್ಮ ಮನೆಬಾಗಿಲ ಲೆಕ್ಕವನ್ನೂ ನೋಡಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಆಪರೇಷನ್ ಇದಕ್ಕಿಂತ ಸಣ್ಣದು, ಹೊಟ್ಟೆ ಕೊಯ್ಯುವ ಮಾತೇ ಇಲ್ಲ. ಆದರೂ ಅದೇ ಸಮೀಕ್ಷೆಯಲ್ಲಿ, ಇಡೀ ದೇಶದಲ್ಲಿ ಗಂಡನಿಗೆ ಆಪರೇಷನ್ ಆಗಿದ್ದ ವಿವಾಹಿತ ಮಹಿಳೆಯರು ಶೇ 0.3.