ಅಂಗವೈಕಲ್ಯ ವಿಶ್ರಾಂತಿವೇತನವೂ ವರಮಾನ ತೆರಿಗೆಯ ರಿಟರ್ನೂ

ಹುಣಸೂರಿಗೂ ಸೈನ್ಯಕ್ಕೂ ಇರುವ ಸಂಬಂಧ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಂದ ಸೇನೆಗೆ ಚರ್ಮದ ಸಾಮಗ್ರಿಯೂ ಕಂಬಳಿಗಳೂ ಒದಗುತ್ತಿದ್ದುವು. ಅಮೃತಮಹಲ್ ಇಲಾಖೆಗೂ ಆ ಊರು ಕೇಂದ್ರವಾಗಿದ್ದಿತು. ಇಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮಾಜಿ ಸೈನಿಕರಲ್ಲಿ ವಿಶ್ರಾಂತಿವೇತನದೊಡನೆ ಭತ್ತ, ಹೊಗೆಸೊಪ್ಪುಗಳ ಬೇಸಾಯವನ್ನೂ ನಂಬಿದವರುಂಟು. ಸೇವೆಯ ಕಾರಣದಿಂದ ಅಂಗವಿಕಲನಾದ ಯೋಧನ ವಿಶ್ರಾಂತಿವೇತನಕ್ಕೆ ತೆರಿಗೆಯಿಲ್ಲವಾದರೆ, ಅದನ್ನು ರಿಟರ್ನಿನಲ್ಲಿ ನಮೂದಿಸುವುದೇಕೆ, ಎಲ್ಲಿ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಈ ವಿನಾಯಿತಿಯ ಮೂಲವು 1922ರ ಭಾರತೀಯ ವರಮಾನ ತೆರಿಗೆ ಕಾಯಿದೆಯ ಕಾಲದ್ದು. ಆ ವರ್ಷದ ಮಾರ್ಚ್ 21ರ ಅಧಿಸೂಚನೆಯು ಗಾಯದ ನಿಮಿತ್ತ ದೊರೆಯುವ ಸೈನಿಕ ವಿಶ್ರಾಂತಿವೇತನವನ್ನು ತೆರಿಗೆಯಿಂದ ಹೊರತುಪಡಿಸಿತು. ಆಗ ಮೈಸೂರು ಸಂಸ್ಥಾನಕ್ಕೆ 1923ರ ತನ್ನದೇ ಕಾಯಿದೆಯಿದ್ದಿತು. ಭಾರತೀಯ ಕಾಯಿದೆಯು ಇಲ್ಲಿ ಜಾರಿಗೆ ಬಂದುದು 1950ರ ಏಪ್ರಿಲ್ 1ರಿಂದ. 1961ರ ಕಾಯಿದೆಯು ಹಳೆಯ ಅಧಿಸೂಚನೆಯನ್ನು ಉಳಿಸಿಕೊಂಡಿತು. ಸೇವಾಂಶ, ಅಂಗವೈಕಲ್ಯಾಂಶಗಳೆರಡಕ್ಕೂ ವಿನಾಯಿತಿಯುಂಟೆಂದು ಪ್ರತ್ಯಕ್ಷ ತೆರಿಗೆಗಳ ಮಂಡಲಿಯು 1970ರಲ್ಲಿ ಸ್ಪಷ್ಟಪಡಿಸಿ, 2001ರಲ್ಲಿ ಪುನರುಚ್ಚರಿಸಿತು. 2019ರ ಜೂನ್ 24ರ ಸುತ್ತೋಲೆಯಾದರೋ ಈ ಸೌಲಭ್ಯವನ್ನು ಅಂಗವೈಕಲ್ಯದಿಂದಲೇ ಸೇವೆಯಿಂದ ಬಿಡುಗಡೆಗೊಂಡವರಿಗೆ ಸೀಮಿತಗೊಳಿಸಿ, ಅವಧಿ ಮುಗಿಸಿ ನಿವೃತ್ತರಾದವರನ್ನು ಹೊರಗಿಟ್ಟಿತು. ವಿಷಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, ಅದೇ ವರ್ಷ ಯಥಾಸ್ಥಿತಿಯನ್ನು ಕಾಯ್ದುಕೊಳ್ಳುವಂತೆ ಆದೇಶವಾಯಿತು. ಆದುದರಿಂದ ಬಿಡುಗಡೆಯ ಪತ್ರದಲ್ಲಿ ಯಾವ ಕಾರಣ ಬರೆದಿದೆಯೆಂಬುದನ್ನು ಮೊದಲು ನೋಡುವುದು ಅವಶ್ಯಕ.

ಬೇಸಾಯಗಾರನಿಗೆ ಇಲ್ಲಿ ಒಂದು ತೊಡಕುಂಟು. ಕೃಷಿ ವರಮಾನವೂ ಅಂಗವೈಕಲ್ಯ ವಿಶ್ರಾಂತಿವೇತನವೂ ರಿಟರ್ನಿನ ‘ವಿನಾಯಿತಿ ಪಡೆದ ವರಮಾನ’ ಎಂಬ ಭಾಗದಲ್ಲಿಯೇ ಸೇರುತ್ತವೆ. ಆದರೆ ಅವುಗಳ ಪರಿಣಾಮ ಒಂದೇ ಅಲ್ಲ. ರಾಜ್ ಸಮಿತಿಯು 1972ರಲ್ಲಿ ನೀಡಿದ ಸಲಹೆಯಂತೆ, 1973ರ ಹಣಕಾಸು ಕಾಯಿದೆಯಿಂದ ಮೊದಲ್ಗೊಂಡು, ಕೃಷಿ ವರಮಾನವನ್ನು ದರದ ನಿರ್ಣಯಕ್ಕಾಗಿ ಗಣಿಸಲಾಗುತ್ತದೆ; ಈಗ ಅದು 5,000 ರೂಪಾಯಿಗೆ ಮೀರಿದಾಗ ಈ ನಿಯಮ ಅನ್ವಯಿಸುತ್ತದೆ. ಇತರ ವರಮಾನವು ಮೂಲ ಮಿತಿಯನ್ನು ದಾಟಿದಾಗ ಮಾತ್ರ ಈ ಗಣನೆ. ಅಂಗವೈಕಲ್ಯ ವಿಶ್ರಾಂತಿವೇತನಕ್ಕೆ ಇಂತಹ ಗಣನೆಯಿಲ್ಲ.

ಉದಾಹರಣೆಗೆ, ಪಿರಿಯಾಪಟ್ಟಣದ ಒಬ್ಬ ಮಾಜಿ ಯೋಧನಿಗೆ ವರ್ಷಕ್ಕೆ 6,00,000 ರೂಪಾಯಿ ಅಂಗವೈಕಲ್ಯ ವಿಶ್ರಾಂತಿವೇತನ, 50,000 ರೂಪಾಯಿ ಬ್ಯಾಂಕಿನ ಬಡ್ಡಿ, 3,00,000 ರೂಪಾಯಿ ಬೆಳೆಯ ವರಮಾನ ಇವೆಯೆಂದು ಭಾವಿಸೋಣ. ಅವನ ತೆರಿಗೆಯೋಗ್ಯ ವರಮಾನ 50,000 ಮಾತ್ರ. ಅದು ಮೂಲ ಮಿತಿಯ ಒಳಗಿರುವುದರಿಂದ ತೆರಿಗೆಯಿಲ್ಲ. ವಿಶ್ರಾಂತಿವೇತನವನ್ನು ಪ್ರಮಾದದಿಂದ ‘ವೇತನ’ದ ಅಂಕಣದಲ್ಲಿ ಬರೆದರೆ ಮಿತಿಯು ದಾಟಿ, ಬೆಳೆಯ ವರಮಾನವೂ ದರದ ಲೆಕ್ಕಕ್ಕೆ ಎಳೆಯಲ್ಪಡುತ್ತದೆ. ಹೀಗೆ ಒಂದು ತಪ್ಪು ಅಂಕಣವು ಎರಡು ವಿನಾಯಿತಿಗಳನ್ನೂ ಕುಂದಿಸುತ್ತದೆ. ಬೆಳೆಯ ವರಮಾನ 5,000ಕ್ಕೆ ಮೀರಿದವನಿಗೆ 1961ರ ಕಾಯಿದೆಯ ಮೊದಲನೆಯ ನಮೂನೆ ಸಲ್ಲದು, ಎರಡನೆಯದನ್ನು ತುಂಬಬೇಕು.

ತೆರಿಗೆಯೇ ಇಲ್ಲದವನು ರಿಟರ್ನು ಸಲ್ಲಿಸುವುದೇಕೆಂದು ಕೇಳಬಹುದು. ವಿಶ್ರಾಂತಿವೇತನ ನೀಡುವ ಕಚೇರಿಯು ಮೂಲದಲ್ಲಿಯೇ ತೆರಿಗೆಯನ್ನು ಮುರಿದುಕೊಂಡಿದ್ದರೆ, ಆ ಹಣ ತಾನಾಗಿ ಹಿಂದಿರುಗದು. ರಿಟರ್ನಿನ ಮೂಲಕ ಕೇಳಿ ಪಡೆಯಬೇಕು. ವಿಶ್ರಾಂತಿವೇತನದ ಆದೇಶಪತ್ರ, ಬಿಡುಗಡೆಯ ಪತ್ರಗಳನ್ನು ರಿಟರ್ನಿಗೆ ಲಗತ್ತಿಸಬೇಕಾಗಿಲ್ಲ. ಅಧಿಕಾರಿಗಳು ಕೇಳಿದಾಗ ತೋರಿಸಲು ಜೋಪಾನವಾಗಿಡಬೇಕು.

2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ 2025ರ ಹೊಸ ಕಾಯಿದೆ ರಚಿತವಾಗಿರುವುದರಿಂದ ಪ್ರಕರಣಗಳ ಸಂಖ್ಯೆಗಳೂ ನಮೂನೆಗಳೂ ಬದಲಾಗುತ್ತವೆ. ಆಯಾ ವರ್ಷದ ನಿಯಮವನ್ನು ಓದಿಯೇ ಅಂಕಣವನ್ನು ತುಂಬುವುದು ಲೇಸು. ಗಾಯಗೊಂಡ ಸಿಪಾಯಿಗೆ ಸರಕಾರವು ತೀರಿಸುವ ಋಣವು ಆದಾಯವಲ್ಲವೆಂಬ 1922ರ ತತ್ತ್ವವು, ಸರಿಯಾದ ಅಂಕಣದಲ್ಲಿ ಬರೆದಾಗಲೇ ಅವನ ಮನೆಗೆ ಫಲವನ್ನು ತರುತ್ತದೆ.