ಹಿಮದ ಬಿರುಗಾಳಿಯಲ್ಲಿ ಶಾಲೆಯ ಮಕ್ಕಳು

ಹಿಮವೆಂದರೆ ನಮ್ಮ ಸೀಮೆಯವರಿಗೆ ಕಾಳಿದಾಸನ ಕಾವ್ಯದಲ್ಲಿ ಕಂಡ ರಮ್ಯವಸ್ತು. ಅದೇ ಹಿಮವು ಬಿರುಗಾಳಿಯೊಡನೆ ಬಂದರೆ ಎಷ್ಟು ಘೋರವೆಂಬುದನ್ನು ಅಮೆರಿಕಾದ ನೆಬ್ರಾಸ್ಕ, ಡಕೋಟ ಸೀಮೆಗಳ ರೈತರು 1888ನೆಯ ಇಸವಿ ಜನವರಿ 12ರಂದು ಅನುಭವಿಸಿದರು. ಬಹುಕಾಲ ಮಕ್ಕಳಿಗೆ ಪಾಠ ಹೇಳಿದವರಾದ ನಮಗೆ ಆ ವೃತ್ತಾಂತವು ಮರೆಯತಕ್ಕುದಲ್ಲ.

ಆ ಸೀಮೆಯು ಮರಗಳು ವಿರಳವಾದ ವಿಶಾಲ ಹುಲ್ಲುಬಯಲು. ಬೇರುಗಳು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯಂತೆ ಕತ್ತರಿಸಿ ಎಷ್ಟೋ ಮನೆಗಳನ್ನೂ ಶಾಲೆಗಳನ್ನೂ ಕಟ್ಟಿದ್ದರು. ಕಡುಚಳಿಯ ದಿನಗಳು ಕಳೆದು ಆ ಬೆಳಿಗ್ಗೆ ಹವೆಯು ಹಿತವಾಗಿದ್ದಿತು. ಅನೇಕ ಮಕ್ಕಳು ದಪ್ಪ ಉಡುಪುಗಳನ್ನು ಮನೆಯಲ್ಲಿಯೇ ಬಿಟ್ಟು ಶಾಲೆಗೆ ನಡೆದರು. ಅಷ್ಟರಲ್ಲಿ ವಾಯವ್ಯದಿಂದ ಬಿರುಗಾಳಿಯು ಬಂದೆರಗಿತು. ಹಿಟ್ಟಿನಂತೆ ನುಣುಪಾದ ಹಿಮವು ಕವಿದು, ಚಾಚಿದ ಕೈಯೂ ಕಾಣದಾಯಿತು. ಅನೇಕ ಊರುಗಳಲ್ಲಿ ಅದೇ ಶಾಲೆ ಬಿಡುವ ವೇಳೆ.

ಮಕ್ಕಳನ್ನು ಮನೆಗೆ ಕಳುಹಿಸುವುದೋ, ಇರಿಸಿಕೊಳ್ಳುವುದೋ? ಮಿನ್ನೀ ಫ್ರೀಮನ್ ಎಂಬ ತರುಣಿಯ ಶಾಲೆಯ ಮಾಡನ್ನೇ ಗಾಳಿಯು ಕಿತ್ತೊಯ್ಯಿತು. ಆಕೆಯು ಮಕ್ಕಳನ್ನೆಲ್ಲ ಒಟ್ಟಾಗಿ ನಡೆಸಿಕೊಂಡು ಸಮೀಪದ ರೈತನ ಮನೆಯನ್ನು ಸೇರಿದಳು, ಎಲ್ಲರೂ ಬದುಕಿದರು. ದೇಶವೇ ಆಕೆಯನ್ನು ಕೊಂಡಾಡಿತು.

ಪ್ಲೇನ್‌ವ್ಯೂ ಊರಿನ ಬಳಿ ಲೋಯಿಸ್ ರಾಯ್ಸ್ ಎಂಬ ಉಪಾಧ್ಯಾಯಿನಿಯ ಸಂಗಡ ಮೂರು ಮಕ್ಕಳಿದ್ದರು. ಉರುವಲು ಮುಗಿಯಿತು. ಆಕೆಯ ಬಿಡಾರವು ಸಮೀಪದಲ್ಲಿಯೇ ಇದ್ದಿತು. ಹೊರಟವರು ದಾರಿ ತಪ್ಪಿ ಬಯಲಿನಲ್ಲಿಯೇ ರಾತ್ರಿಯನ್ನು ಕಳೆದರು. ಮೂವರು ಮಕ್ಕಳೂ ಆಕೆಯ ಪಕ್ಕದಲ್ಲಿಯೇ ಮಡಿದರು. ಆಕೆಯು ಬದುಕಿದಳು, ಪಾದಗಳನ್ನು ಕಳೆದುಕೊಂಡು.

ಆ ಬಿರುಗಾಳಿಗೆ ಸುಮಾರು 235 ಮಂದಿ ಬಲಿಯಾದರೆಂದು ಹೇಳುವರು. ಅವರಲ್ಲಿ ಅನೇಕರು ಮಕ್ಕಳು. ಮೇಜು, ಬೆಂಚುಗಳನ್ನೇ ಒಡೆದು ಉರಿಸಿ, ಮಕ್ಕಳನ್ನು ಬೆಳಗಾಗುವವರೆಗೆ ಶಾಲೆಯಲ್ಲಿಯೇ ಕಾಪಾಡಿದ ಉಪಾಧ್ಯಾಯರೂ ಇದ್ದರು.

ಹಳ್ಳವು ತುಂಬಿ ಹರಿದ ಒಂದು ಸಂಜೆ ಮಕ್ಕಳನ್ನು ಬಿಡುವುದೋ ಬೇಡವೋ ಎಂದು ನಾವೂ ಶಾಲೆಯ ಬಾಗಿಲಲ್ಲಿ ನಿಂತವರು. ಆದುದರಿಂದ ಆ ಇಬ್ಬರು ತರುಣಿಯರಲ್ಲಿ ಒಬ್ಬಳನ್ನು ಹೊಗಳಿ ಮತ್ತೊಬ್ಬಳನ್ನು ಹಳಿಯಲು ನಮ್ಮ ಮನಸ್ಸು ಒಪ್ಪದು. ಇಬ್ಬರೂ ಮಕ್ಕಳ ಕೈಯನ್ನು ಬಿಡಲಿಲ್ಲ. ಆದರೆ ಒಂದು ರಾತ್ರಿಗೆ ಸಾಲುವ ಉರುವಲು ಆ ಶಾಲೆಯಲ್ಲಿದ್ದಿದ್ದರೆ, ಆಕೆಯು ಹೊರಡಬೇಕಾಗುತ್ತಿರಲಿಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸುವ ಗೃಹಸ್ಥರು, ಪಾಠವಾಯಿತೇ ಎಂದು ಕೇಳುವಂತೆಯೇ, ಆ ಶಾಲೆಯ ಮಾಡು ಗಟ್ಟಿಯಾಗಿದೆಯೇ ಎಂದೂ ಒಮ್ಮೆ ನೋಡಿ ಬರಲಿ.